ಹೃದಯದ ಚೇತರಿಕೆಯನ್ನು ಅರಿಯುವ ಬಗೆ

 

ಹೊಲದವರೆಗೆ ಕಾಲುವೆಯನ್ನು ತೋಡಿದ ಮಾತ್ರಕ್ಕೆ ಪೈರು ಬದುಕಿತೆಂದು ಒಕ್ಕಲಿಗನು ನಂಬುವುದಿಲ್ಲ. ಕಾಲುವೆಯಲ್ಲಿ ನೀರು ಹರಿಯುವುದು ಒಂದು. ಆ ನೀರು ಬೇರಿಗೆ ಮುಟ್ಟುವುದು ಇನ್ನೊಂದು. ಹೃದಯದ ಬೈಪಾಸ್ ಶಸ್ತ್ರಕ್ರಿಯೆಯ ವಿಷಯದಲ್ಲಿಯೂ ಈ ಭೇದವನ್ನು ಮರೆಯಲಾಗದು.

ಹೃದಯವು ಸರ್ವಾಂಗಕ್ಕೂ ರಕ್ತವನ್ನು ಹಂಚುವುದಾದರೂ, ತನ್ನ ಪೋಷಣೆಗೆ ಬೇಕಾದ ರಕ್ತವನ್ನು ಮೇಲೆ ಹಬ್ಬಿರುವ ಸಣ್ಣ ಧಮನಿಗಳಿಂದ ಪಡೆಯುತ್ತದೆ. ಇವುಗಳಲ್ಲಿ ಕೊಬ್ಬು ಕಟ್ಟಿ ದಾರಿಯು ಇಕ್ಕಟ್ಟಾದಾಗ, ತಡೆಯನ್ನು ಬಳಸಿ ಹೋಗುವ ಹೊಸ ಮಾರ್ಗವನ್ನು ಜೋಡಿಸುವುದೇ ಬೈಪಾಸ್. ೧೯೬೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ, ಆರ್ಜೆಂಟೀನಾ ದೇಶದ ರೆನೆ ಫಾವಲೋರೊ ಎಂಬ ಶಸ್ತ್ರವೈದ್ಯರು ಕಾಲಿನ ಅಭಿಧಮನಿಯನ್ನು ಈ ಕಾರ್ಯಕ್ಕೆ ಬಳಸಿ, ಆ ಕ್ರಮವು ಜಗತ್ತಿನಲ್ಲೆಲ್ಲ ಹಬ್ಬಲು ಕಾರಣರಾದರು.

ಆದರೆ ಎದೆಯ ಗಾಯವು ಮಾಯ್ದುದೇ ಹೃದಯವು ಚೇತರಿಸಿದುದಕ್ಕೆ ಸಾಕ್ಷಿಯೆ? ಅಲ್ಲ. ನೋವಿಲ್ಲದಿರುವುದೂ ಪೂರ್ಣ ಸಾಕ್ಷಿಯಲ್ಲ. ಮುಖ್ಯವಾಗಿ ಮಧುಮೇಹಿಗಳಲ್ಲಿ ರಕ್ತದ ಕೊರತೆಯು ಸದ್ದಿಲ್ಲದೆ ಇರಬಹುದು. ನೋವಿದ್ದರೆ ಅದೂ ನಿಶ್ಚಯವಲ್ಲ. ಕೊಯ್ದು ಕೂಡಿಸಿದ ಎದೆಯೆಲುಬು ತಿಂಗಳುಗಟ್ಟಲೆ ನೋಯಬಹುದು. ತನ್ನ ಕಾಯಕಕ್ಕೆ ಮರಳಲು ಬಯಸುವವನಿಗೆ ಇದು ಸಣ್ಣ ಸಂದೇಹವಲ್ಲ.

ಈ ಸಂದೇಹವನ್ನು ಕಳೆಯಲು ಪರಮಾಣು ವಿಜ್ಞಾನವು ನೆರವಾಗುತ್ತದೆ. ಟೆಕ್ನೀಷಿಯಂ-೯೯ಎಂ ಎಂಬ ವಿಕಿರಣಶೀಲ ಧಾತುವನ್ನು ಕೂಡಿಸಿದ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ತೋಳಿನ ನಾಳಕ್ಕೆ ಚುಚ್ಚುತ್ತಾರೆ. ರಕ್ತವು ಎಲ್ಲಿ ಹೆಚ್ಚಾಗಿ ತಲಪುವುದೋ ಅಲ್ಲಿಯ ಹೃದಯಸ್ನಾಯುವಿನಲ್ಲಿ ಅದು ಹೆಚ್ಚಾಗಿ ನೆಲಸುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು, ರೋಗಿಯ ಎದೆಯ ಸುತ್ತ ತಿರುಗುವ ಗ್ಯಾಮಾ ಕ್ಯಾಮೆರಾ ಹಿಡಿದು ಚಿತ್ರವಾಗಿ ತೋರಿಸುತ್ತದೆ. ಶ್ರಮದ ವೇಳೆಯದೊಂದು, ವಿಶ್ರಾಂತಿಯದೊಂದು, ಹೀಗೆ ಎರಡು ಚಿತ್ರಗಳನ್ನು ಹೋಲಿಸಿ ನೋಡುವರು. ನಡೆಯಲಾರದವರಿಗೆ ಶ್ರಮದ ಬದಲು ಔಷಧವುಂಟು.

ಎರಡರಲ್ಲಿಯೂ ಬೆಳಕು ತುಂಬಿದ್ದರೆ ಪೋಷಣೆ ಸರಿಯಾಗಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಶ್ರಮದಲ್ಲಿ ಮಾತ್ರ ಒಂದೆಡೆ ಮಂಕಾದರೆ, ಹೊಸ ನಾಳವು ಇಕ್ಕಟ್ಟಾಗಿರಬಹುದು, ಅಥವಾ ಜೋಡಣೆಯಾಗದೆ ಉಳಿದ ಧಮನಿಯ ತೊಂದರೆಯಾಗಿರಬಹುದು. ಎರಡರಲ್ಲಿಯೂ ಮಂಕಾದ ಭಾಗವು ಹಿಂದಿನ ಹೃದಯಾಘಾತದ ಕಲೆಯಾಗಿರಬಹುದು. ಆದರೆ ಇಲ್ಲಿ ಅವಸರ ಸಲ್ಲದು. ರಕ್ತದ ಕೊರತೆಯಿಂದ ಕೆಲಸವನ್ನು ನಿಲ್ಲಿಸಿ, ಜೀವವನ್ನು ಮಾತ್ರ ಹಿಡಿದುಕೊಂಡು ಮಲಗಿದ ಸ್ನಾಯುವೂ ಉಂಟು. ಸತ್ತುದಕ್ಕೂ ನಿದ್ರಿಸುವುದಕ್ಕೂ ಅಂತರವನ್ನು ತಿಳಿಯಲು ವಿಕಿರಣಶೀಲ ಫ್ಲೂರಿನ್ ಸೇರಿಸಿದ ಸಕ್ಕರೆಯನ್ನು ಬಳಸುವ ಪೆಟ್ ಪರೀಕ್ಷೆಯುಂಟು. ಬದುಕಿರುವ ಸ್ನಾಯು ಆ ಸಕ್ಕರೆಯನ್ನು ಹೀರುತ್ತದೆ. ಹೀಗೆ ಮಲಗಿದ ಸ್ನಾಯುವಿಗೆ ರಕ್ತವು ಮರಳಿ ದೊರೆತರೆ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಅದು ಬಲಗೊಳ್ಳಬಹುದು. ಆದ್ದರಿಂದ ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಹೃದಯವು ದುರ್ಬಲವಾಗಿದೆಯೆಂದು ನಿರಾಶರಾಗುವುದು ಯುಕ್ತವಲ್ಲ. ಶಸ್ತ್ರಕ್ರಿಯೆಯ ತರುವಾಯ ಹೃದಯದ ನಡುಗೋಡೆಯು ವಿಲಕ್ಷಣವಾಗಿ ಚಲಿಸುವುದುಂಟು. ರಕ್ತವೂ ಸ್ನಾಯುವಿನ ಸಂಕೋಚವೂ ಸರಿಯಾಗಿದ್ದರೆ ಅದನ್ನು ರೋಗವೆಂದು ಎಣಿಸತಕ್ಕದ್ದಲ್ಲ.

ಕಿರಣಗಳ ಭಯವೂ ಕೆಲವರಿಗುಂಟು. ಟೆಕ್ನೀಷಿಯಂ-೯೯ಎಂ ತನ್ನ ಶಕ್ತಿಯಲ್ಲಿ ಅರ್ಧವನ್ನು ಆರು ಗಂಟೆಗಳಲ್ಲಿ ಕಳೆದುಕೊಳ್ಳುತ್ತದೆ. ಒಂದು ಹಗಲಿರುಳು ಕಳೆಯುವಷ್ಟರಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಆದರೂ ಕಾರಣವಿಲ್ಲದೆ ಪದೇ ಪದೇ ಪರೀಕ್ಷಿಸಿಕೊಳ್ಳುವುದು ವಿಹಿತವಲ್ಲ. ಎದೆನೋವು, ಏದುಸಿರು ಮರುಕಳಿಸಿದಾಗ, ಕೆಲವು ಧಮನಿಗಳು ಜೋಡಣೆಯಾಗದೆ ಉಳಿದಾಗ, ಇಲ್ಲವೆ ಶಸ್ತ್ರಕ್ರಿಯೆಯಾಗಿ ಅನೇಕ ವರ್ಷಗಳು ಕಳೆದಾಗ ವೈದ್ಯರು ಇದನ್ನು ಸೂಚಿಸುವರು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ತಮ್ಮ ಸ್ಥಿತಿಯನ್ನು ಮುಂಚಿತವಾಗಿ ತಿಳಿಸಬೇಕು. ಧಮನಿಗಳೆಲ್ಲವೂ ಸಮನಾಗಿ ಇಕ್ಕಟ್ಟಾಗಿದ್ದರೆ ಚಿತ್ರವು ಸರಿಯಾಗಿರುವಂತೆಯೇ ತೋರುವ ಸಂಭವವುಂಟಾದುದರಿಂದ, ಚಿತ್ರವೊಂದನ್ನೇ ನೆಚ್ಚದೆ ಉಳಿದ ಲಕ್ಷಣಗಳೊಡನೆ ಅದನ್ನು ಓದಬೇಕು.

ಬಂಧುಗಳೇ! ಶಸ್ತ್ರಕ್ರಿಯೆಯು ಹೊಸ ದಾರಿಯನ್ನು ಕೊಡುತ್ತದೆ. ಹಳೆಯ ರೋಗದ ಬೇರನ್ನು ಕೀಳುವುದಿಲ್ಲ. ಕಾಲಿನಿಂದ ತೆಗೆದು ಜೋಡಿಸಿದ ನಾಳಗಳೂ ವರ್ಷಗಳು ಕಳೆದಂತೆ ಮುಚ್ಚಿಹೋಗಬಹುದು. ಹೊಗೆಸೊಪ್ಪನ್ನು ತೊರೆದು, ಮಿತಾಹಾರದಿಂದಲೂ ನಿತ್ಯದ ನಡಿಗೆಯಿಂದಲೂ, ಔಷಧವನ್ನು ತಪ್ಪದೆ ಸೇವಿಸುವುದರಿಂದಲೂ ಆ ದಾರಿಯನ್ನು ಕಾಯ್ದುಕೊಳ್ಳುವುದು ರೋಗಿಯ ಕೈಯಲ್ಲಿದೆ. ನೀರು ಬೇರಿಗೆ ಮುಟ್ಟಿತೆ ಎಂಬುದನ್ನು ಯಂತ್ರವು ಹೇಳಬಲ್ಲದು. ಕಾಲುವೆಯಲ್ಲಿ ಹೂಳು ತುಂಬದಂತೆ ನೋಡಿಕೊಳ್ಳತಕ್ಕವನು ಹೊಲದ ಒಡೆಯನೇ.