ದಿಂಬು ತೊಯ್ದರೆ ಗುಳಿಗೆ ಬಿಡಬೇಡಿರಿ
(ಕಲ್ಲೋಳಿಯಲ್ಲಿ ಮಾಡಿದ ಭಾಷಣ)



ಎತ್ತಿನ ಬಾಯಿಂದ ಜೊಲ್ಲು ಸುರಿದರೆ ತಾವು ಕಾಲುಬಾಯಿ ಬೇನೆಯೆಂದು ಸಂಶಯಪಟ್ಟು ಅದೇ ದಿನ ದನದ ಡಾಕ್ಟರರನ್ನು ಕರೆಸುತ್ತೀರಿ. ಮನೆಯ ಮನುಷ್ಯನ ಬಾಯಿಂದ ಸುರಿದರೆ ಮಾತ್ರ ನಾಚಿ ಮುಚ್ಚಿಡುತ್ತೇವೆ. ಇಂದು ಆ ಮಾತನ್ನೇ ಆಡಬೇಕೆಂದಿದ್ದೇನೆ.

ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಸಂಶಯಪಡುವುದು, ಇಂಥ ಕಠಿಣ ಮನೋಬೇನೆಗೆ ನಮ್ಮ ಭಾಗದವರು ಮೊದಲಿನಿಂದಲೂ ಧಾರವಾಡದ ಆಸ್ಪತ್ರೆಗೆ ಹೋಗುತ್ತ ಬಂದಿದ್ದಾರೆ. ಅದಕ್ಕೆ ಈಗ ಡಿಮ್ಹಾನ್ಸ್ ಎಂದು ಹೆಸರು. ಬೇರೆ ಗುಳಿಗೆಗಳಿಂದ ಗುಣ ಕಾಣದವರಿಗೆ ಡಾಕ್ಟರರು ಕ್ಲೋಜಪಿನ್ ಎಂಬ ಗುಳಿಗೆಯನ್ನು ಕೊಡುವುದುಂಟು. ಅದು ಜೊಲ್ಲಿನ ಗ್ರಂಥಿಗಳನ್ನು ಕೆರಳಿಸುತ್ತದೆ, ನುಂಗುವುದನ್ನೂ ಕುಂದಿಸುತ್ತದೆ. ಆದುದರಿಂದ ರಾತ್ರಿ ನಿದ್ದೆಯಲ್ಲಿ ದಿಂಬು ತೊಯ್ಯುತ್ತದೆ. ಇದು ಔಷಧದ ಗುಣ. ಬೇನೆ ಹೆಚ್ಚಿದ ಗುರುತಲ್ಲ, ಯಾರ ಮಾಟವೂ ಅಲ್ಲ.

ನಾನು ಬಲ್ಲ ಒಂದು ಮನೆಯ ಹುಡುಗ ಈ ಗುಳಿಗೆಯಿಂದ ಸುಧಾರಿಸಿ, ತಂದೆಯ ಜೊತೆ ಕಬ್ಬಿಗೆ ನೀರು ಹಾಯಿಸಲು ಹೋಗತೊಡಗಿದ್ದ. ಅಂಗಿಯ ಕೊರಳು ತೊಯ್ದದ್ದನ್ನು ಕಂಡು ಓರಗೆಯವರು ನಕ್ಕರು. ತಾಯಿಗೆ ಅದು ಸಹಿಸಲಿಲ್ಲ. ಯಾರನ್ನೂ ಕೇಳದೆ ಗುಳಿಗೆ ನಿಲ್ಲಿಸಿದಳು. ಜೊಲ್ಲೇನೋ ನಿಂತಿತು. ಆದರೆ ಕೆಲವೇ ದಿನಗಳಲ್ಲಿ ಹುಡುಗನಿಗೆ ನಿದ್ದೆ ಹಾರಿತು, ಹಳೆಯ ದನಿಗಳು ಮರಳಿದವು. ಆಗ ಗಾಬರಿಯಾದ ತಾಯಿ ಹಿಂದಿನಷ್ಟೇ ಗುಳಿಗೆಯನ್ನು ಒಮ್ಮೆಲೇ ಕೊಡಹೊರಟಳು. ಪುಣ್ಯಕ್ಕೆ ಅದನ್ನು ತಡೆದೆವು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಕ್ಲೋಜಪಿನನ್ನು ಡಾಕ್ಟರರನ್ನು ಕೇಳಿ, ಸಣ್ಣ ಪ್ರಮಾಣದಿಂದಲೇ ಮತ್ತೆ ಆರಂಭಿಸತಕ್ಕದ್ದು. ಆ ತಾಯಿಯನ್ನು ನಾನು ಬೈಯಲಾರೆ, ನಕ್ಕವರನ್ನು ಬೈದೇನು.

ದಿಂಬಿನ ಮೇಲೆ ಟವೆಲ್ ಹಾಸಿರಿ, ತಲೆ ಸ್ವಲ್ಪ ಎತ್ತರವಿರಲಿ, ಮಗ್ಗುಲಾಗಿ ಮಲಗಿಸಿರಿ. ಹಗಲು ಚೂಯಿಂಗ್ ಗಮ್ ಅಗಿದರೆ ನುಂಗುವ ರೂಢಿಯಾಗುತ್ತದೆ. ಸಾಲದಿದ್ದರೆ ಡಾಕ್ಟರರು ಗುಳಿಗೆಯ ಪ್ರಮಾಣ ತಗ್ಗಿಸಬಹುದು, ಇಲ್ಲವೆ ಜೊಲ್ಲಿಗೇ ಔಷಧ ಕೊಡಬಹುದು. ಕ್ಲೋಜಪಿನಿನಿಂದ ಮಲಬದ್ಧತೆ ಆಗುವುದುಂಟು. ಜೊಲ್ಲು ಒಣಗಿಸುವ ಔಷಧ ಅದನ್ನು ಹೆಚ್ಚಿಸೀತು. ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ತಡಮಾಡಬೇಡಿರಿ. ಜ್ವರ, ಗಂಟಲುನೋವು ಬಂದರೆ ಅದೇ ದಿನ ರಕ್ತ ತೋರಿಸಿರಿ. ಈ ಗುಳಿಗೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ.

ಇನ್ನೊಂದು ಮಾತು. ಹೊಲದಲ್ಲಿ ಕೀಟನಾಶಕ ಹೊಡೆದು ಬಂದವನಿಗೆ ಒಮ್ಮೆಲೇ ಜೊಲ್ಲು, ಬೆವರು ಸುರಿದು ಕಣ್ಣಿನ ಪಾಪೆ ಕಿರಿದಾದರೆ ಗುಳಿಗೆಯ ಮೇಲೆ ಹಾಕಬೇಡಿರಿ. ಅದು ವಿಷವೇರಿದ ಲಕ್ಷಣ, ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಿರಿ.

ಮನೋಬೇನೆಯ ವಿಷಯ ಯಾರನ್ನು ಕೇಳುವುದೆಂದು ತೋಚದಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಫೋನ್ ಇದೆ. ಸಂಖ್ಯೆ 14416. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಕೇಳಬಹುದು.