ಹೆಸರು ಭೀಮಪ್ಪ, ಕರೆಯೋದು ಬೀಮ್ಯಾ

(ಶಹಾಪುರದಲ್ಲಿ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

ಯಾದಗಿರಿ, ಶಹಾಪುರ, ಸುರಪುರದ ಯಾವ ಹಾಸ್ಟೆಲ್ಲಿಗಾದರೂ ಹೋಗಿ ಹಾಜರಿ ಪುಸ್ತಕ ತೆಗೆದು ನೋಡಿ. ಭೀಮಪ್ಪ, ಭೀಮಣ್ಣ, ಭೀಮರಾಯ, ಭೀಮಾಶಂಕರ ಸಿಕ್ಕೇ ಸಿಗುತ್ತಾರೆ. ಮನೆಗಳಲ್ಲಿ ಭೀಮವ್ವ, ಭೀಮಬಾಯಿ ಇದ್ದೇ ಇರುತ್ತಾರೆ. ಯಾದಗಿರಿಯ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರೂ ಭೀಮಾ. ಮಹಾಭಾರತದ ಭೀಮ ಬೇರೆ ಇದ್ದಾನೆ. ಹಾಗಾಗಿ ಈ ಹೆಸರು ಒಂದು ಜಾತಿಯ ಸ್ವತ್ತಲ್ಲ. ಗೌಡರ ಮನೆಯಲ್ಲೂ ಭೀಮಣ್ಣ, ನಮ್ಮ ಕೇರಿಯಲ್ಲೂ ಭೀಮಣ್ಣ. ತೊಟ್ಟಿಲಲ್ಲಿ ಇಬ್ಬರೂ ಒಂದೇ. ಓಣಿಗೆ ಇಳಿದ ಮೇಲೆ ಹೆಸರು ಎರಡಾಗುತ್ತದೆ.

ಗೌಡರ ಮಗ ಭೀಮಣ್ಣಗೌಡ್ರು ಆಗುತ್ತಾನೆ. ನಮ್ಮ ಮುತ್ಯಾ ಭೀಮಪ್ಪ ಮೀಸೆ ಬೆಳ್ಳಗಾದರೂ ಬೀಮ್ಯಾ ಆಗೇ ಉಳಿದ. ಹತ್ತು ವರ್ಷದ ಸಾವುಕಾರರ ಹುಡುಗ "ಏ ಬೀಮ್ಯಾ, ಬಾರಲೇ ಇಲ್ಲಿ" ಅಂತಿದ್ದ. ಮುತ್ಯಾ ತಲೆ ಮೇಲಿನ ಟವೆಲ್ಲು ಬಗಲಿಗೆ ಇಳಿಸಿ "ಬಂದೆರಿ ಧಣಿ" ಅಂತಿದ್ದ.

ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಡುವುದಕ್ಕೂ ಕಾನೂನಿದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲದ್ದು, ವೈಶ್ಯನದು ಸಂಪತ್ತಿನದು, ಶೂದ್ರನದು ಹೇಸಿಗೆ ಹುಟ್ಟಿಸುವಂಥದು. ಶೂದ್ರನಿಗೇ ಇಷ್ಟಾದರೆ ಊರ ಹೊರಗಿನವರ ಮಾತೇನು? ನಮ್ಮ ಅವ್ವಂದಿರು ಆ ಕಾನೂನು ಕೇಳಲಿಲ್ಲ. ಮಕ್ಕಳಿಗೆ ಬಲದ ಹೆಸರನ್ನೇ ಇಟ್ಟರು. ಇಡುವಾಗ ತಡೆಯಲಾರದ್ದನ್ನು ಊರು ಕರೆಯುವಾಗ ಸಾಧಿಸಿತು.

"ನಮ್ಮವ್ವನೂ ಬೀಮ್ಯಾ ಅಂತಾಳಲ್ಲ" ಅಂತ ನೀವು ಕೇಳಬಹುದು. ಖರೆ. ಅವ್ವ ಅಂದರೆ ಅದು ಮುದ್ದು. ಗೆಳೆಯ ಬೀಮ್ಯಾ ಅಂದರೆ ನಾವು "ಏನಲೇ ಮಲ್ಯಾ" ಅಂತೀವಿ, ಲೆಕ್ಕ ಚುಕ್ತಾ. ಸಾವುಕಾರರ ಹುಡುಗನಿಗೆ ಮುತ್ಯಾ ಹಾಗೆ ತಿರುಗಿ ಅನ್ನಬಹುದಿತ್ತೇ? ಜಾತಿ ಇರುವುದು ಆ ಶಬ್ದದಲ್ಲಲ್ಲ, ತಿರುಗಿ ಅನ್ನಲಾರದ ಆ ಬಾಯಲ್ಲಿ.

1900ರ ನವೆಂಬರ್ 7ರಂದು ಸಾತಾರಾದ ಸರಕಾರಿ ಶಾಲೆಯ ರಿಜಿಸ್ಟರಿನಲ್ಲಿ ಒಬ್ಬ ಹುಡುಗನ ಹೆಸರು ಹತ್ತಿತು: ಭೀವಾ ರಾಮಜಿ ಅಂಬೇಡ್ಕರ್. ಭೀವಾ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು, ನಮ್ಮ ಬೀಮ್ಯಾ ಇದ್ದಂಗ. ಆ ಭೀವಾ ಮುಂದೆ ಡಾ. ಭೀಮರಾವ್ ಆದರು, ಬಾಬಾಸಾಹೇಬರಾದರು. ಭೀಮ ಅಂದಕೂಡಲೇ ನಮ್ಮ ಕೇರಿಯವರ ಕಣ್ಣ ಮುಂದೆ ಕೋಟು ತೊಟ್ಟು ಪುಸ್ತಕ ಹಿಡಿದವರು ನಿಲ್ಲತೊಡಗಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧರಾದರು. ಆಮೇಲೆ ಸಿದ್ಧಾರ್ಥ, ಗೌತಮ, ಅಶೋಕ ಎಂಬ ಹೆಸರುಗಳೂ ನಮ್ಮ ತೊಟ್ಟಿಲುಗಳಿಗೆ ಬಂದವು.

ಹೆಸರು ಬಂತು, ಹಿಂದೆಯೇ ಉಚ್ಚಾರದ ಕಾಟವೂ ಬಂತು. ನಾವು ಓದುವಾಗ ಒಬ್ಬ ಗೆಳೆಯ ಹಾಜರಿ ಹೊತ್ತಿನಲ್ಲಿ ತನ್ನ ಹೆಸರು "ಅಸೋಕ" ಅಂದ. "ನಿನ್ನ ಹೆಸರೇ ನಿನಗ ಅನ್ನಾಕ ಬರೂದಿಲ್ಲೇನಲೇ" ಅಂತ ಮಾಸ್ತರು ನಕ್ಕರು. ನಾವೂ ನಕ್ಕೆವು. ಅವನು ಮತ್ತೆ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಗೆಳೆಯರೆ, ಇದೇ ಭೀಮಾ ದಂಡೆಯ ಸನ್ನತಿ ಹತ್ತಿರ ಕನಗನಹಳ್ಳಿ ಇದೆ. 1990ರ ದಶಕದಲ್ಲಿ ಅಲ್ಲಿ ನೆಲ ಅಗೆದಾಗ ಅಶೋಕನ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಬರೆದಿದೆ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲೂ 'ಅಸೋಕ' ಅಂತಲೇ ಇದೆ. ಪ್ರಾಕೃತದಲ್ಲಿ ಅದೇ ಸರಿಯಾದ ರೂಪ. ನಾವು ನಕ್ಕ ಆ 'ಸ' ಎರಡು ಸಾವಿರ ವರ್ಷದಿಂದ ಕಲ್ಲಿನಲ್ಲಿತ್ತು. 'ಶ', 'ಭ' ಕಲಿಯಬೇಡಿ ಅಂತ ನಾವು ಹೇಳುತ್ತಿಲ್ಲ. ಕಲಿಯೋಣ, ಪರೀಕ್ಷೆಗೆ ಬೇಕು, ಕಚೇರಿಗೆ ಬೇಕು. ಆದರೆ ನಾಲಿಗೆ ಹೊರಳದವನನ್ನು ನಗುವುದು ಬೇಡ.

ಕೊನೆಗೆ ನಮ್ಮದೇ ತಪ್ಪಿನ ಮಾತು. ಹಾಸ್ಟೆಲ್ಲಿನಲ್ಲಿ ನಮಗೆ ರೊಟ್ಟಿ ಬಡಿದು ಹಾಕುವ ತಾಯಿಗೆ ನಮ್ಮ ಅವ್ವನ ವಯಸ್ಸು. ಊಟದ ಸಾಲಿನಲ್ಲಿ ತಾಟು ಬಡಿಯುತ್ತ "ಏ ಬೀಮಿ, ಸಾರು ತಾ" ಅಂತ ಕೂಗುವವರು ಯಾರು? ನಾವೇ. ಏಪ್ರಿಲ್ 14ಕ್ಕೆ ಜೈಭೀಮ್ ಅಂದ ಬಾಯೇ ಅದು. ಆ ತಾಯಿ ತಿರುಗಿ ಏನನ್ನುತ್ತಾಳೆ? "ತಂದೆರೀ ಸರ್" ಅನ್ನುತ್ತಾಳೆ. ನಮ್ಮ ಮುತ್ಯಾ ಅಂದದ್ದೂ ಇದನ್ನೇ.

ಇವತ್ತು ರಾತ್ರಿ ಊಟಕ್ಕೆ ಕೂತಾಗ "ಭೀಮವ್ವ, ಸಾರು ನೀಡವ್ವ" ಅನ್ನೋಣ. ಜೈಭೀಮ್ ಅನ್ನುವುದು ಅಲ್ಲಿಂದ ಶುರುವಾಗಲಿ.

ಜೈಭೀಮ್.