ಸುಂಕದ ಕಟ್ಟೆಯಲ್ಲಿ ಚಹಾ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮ್ಮಲ್ಲುಂಟು. ಬಂದರೊಂದರಲ್ಲಿ ಬಹುಕಾಲ ಆ ಸುಂಕದವನೇ ಆಗಿದ್ದವನು ನಾನು. ಹೇಳಿಕೊಳ್ಳಲು ಬಂದವರ ಸುಖ ನನಗೆ ಅಷ್ಟಾಗಿ ನೆನಪಿಲ್ಲ. ದುಃಖಗಳಲ್ಲಿ ಒಂದೆರಡು ಈಗಲೂ ಮನಸ್ಸಿನಲ್ಲಿ ಉಳಿದಿವೆ. ಅವುಗಳಲ್ಲೊಂದು ಚಹಾಕ್ಕೆ ಸಂಬಂಧಿಸಿದ್ದು. ಅದನ್ನು ಹೇಳುವ ಮೊದಲು ಸ್ವಲ್ಪ ಪೀಠಿಕೆ ಬೇಕು.

ಹೊರದೇಶದಿಂದ ಬಂದ ಚಹಾದ ವಿಷಯದಲ್ಲಿ ಸರಕಾರ ಕೇಳುವ ಪ್ರಶ್ನೆಗಳು ಎರಡು: ಸುಂಕವೆಷ್ಟು? ಕುಡಿಯಲು ಯೋಗ್ಯವೋ ಅಲ್ಲವೋ? ಈ ಎರಡಕ್ಕೂ ನಂಟುಂಟು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಹಾದ ಸುಂಕ ಶೇಕಡಾ 119ಕ್ಕೆ ಏರಿತ್ತು. ಕಳ್ಳಸಾಗಣೆಯೂ ಕಲಬೆರಕೆಯೂ ಅದರ ಅವಳಿ ಮಕ್ಕಳು. ಆಶ್ ಮರದ ಎಲೆಯನ್ನು ಅನ್ನಭೇದಿ ಮತ್ತು ಕುರಿಹಿಕ್ಕೆಯೊಡನೆ ಬೇಯಿಸಿ ಚಹಾಕ್ಕೆ ಬೆರೆಸುತ್ತಿದ್ದರೆಂದು ವರ್ತಕ ರಿಚರ್ಡ್ ಟ್ವೈನಿಂಗ್ 1785ರಲ್ಲಿ ಬರೆದಿದ್ದಾನೆ. ಅದರ ಹಿಂದಿನ ವರ್ಷವಷ್ಟೇ ಪ್ರಧಾನಿ ಪಿಟ್ ಸುಂಕವನ್ನು ಶೇಕಡಾ 12.5ಕ್ಕೆ ಇಳಿಸಿದ್ದ. ಕಳ್ಳಸಾಗಣೆಯ ಬೆನ್ನೆಲುಬು ಮುರಿಯಿತು, ಕಲಬೆರಕೆ ಉಳಿಯಿತು. ಕೊನೆಗೆ 1875ರ ಕಾಯಿದೆ, ಬ್ರಿಟನ್ನಿಗೆ ಬರುವ ಚಹಾವನ್ನು ಸುಂಕದ ಇಲಾಖೆಯವರು ನೇಮಿಸಿದ ಪರೀಕ್ಷಕರಿಗೇ ಒಪ್ಪಿಸಿತು.

ಅಮೆರಿಕೆಯವರು 1897ರಲ್ಲಿ ಮಾಡಿದ ಕಾನೂನು ಇನ್ನೂ ಸ್ವಾರಸ್ಯದ್ದು. ಏಳು ಮಂದಿ ತಜ್ಞರ ಮಂಡಲಿಯೊಂದು ಪ್ರತಿ ವರ್ಷ ಚಹಾದ ಮಾದರಿಗಳನ್ನು ಆರಿಸುತ್ತಿತ್ತು. ಬಂದರಿನ ಪರೀಕ್ಷಕ, ಬಂದ ಸರಕನ್ನು ಆ ಮಾದರಿಯ ಪಕ್ಕದಲ್ಲಿಟ್ಟು, ಕುದಿನೀರು ಹೊಯ್ದು, ಮೂಸಿ, ಬಾಯಿಗೆಳೆದುಕೊಂಡು, ಉಗುಳಿ ತೀರ್ಪು ಕೊಡುತ್ತಿದ್ದ. ಮಾದರಿಗಿಂತ ಕೀಳೆನಿಸಿದ ಚಹಾವನ್ನು ಆರು ತಿಂಗಳೊಳಗೆ ಹೊರಕ್ಕೆ ಸಾಗಿಸಬೇಕು, ಇಲ್ಲವಾದರೆ ನಾಶ. ಬಟ್‌ಫೀಲ್ಡ್ ಎಂಬ ವರ್ತಕ ತನ್ನ ಚಹಾ ಹೀಗೆ ನಾಶವಾದಾಗ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ. ಹೊರದೇಶದೊಡನೆ ವ್ಯಾಪಾರ ಮಾಡುವುದು ಯಾರ ಜನ್ಮಸಿದ್ಧ ಹಕ್ಕೂ ಅಲ್ಲವೆಂದು 1904ರಲ್ಲಿ ನ್ಯಾಯಾಲಯ ಹೇಳಿತು. ಒಬ್ಬನ ನಾಲಗೆಗೆ ಇಷ್ಟು ಅಧಿಕಾರವೆ ಎಂದು ನಾವು ಬೆರಗಾಗಬಹುದು. ಆ ಕಾನೂನು 1996ರವರೆಗೂ ಬಾಳಿತು.

ಅದು ಹೋದದ್ದಕ್ಕೆ ನನಗೆ ವ್ಯಸನವಿಲ್ಲ. ಇಂದಿನ ಅಪಾಯಗಳು ನಾಲಗೆಗೆ ಸಿಕ್ಕುವಂಥವಲ್ಲ. ಆಂತ್ರಕ್ವಿನೋನ್ ಎಂಬ ವಸ್ತು ಕಿಲೋ ಚಹಾಕ್ಕೆ 0.02 ಮಿಲಿಗ್ರಾಂ ಮೀರಿದರೆ ಯೂರೋಪಿನ ಬಾಗಿಲು ಮುಚ್ಚುತ್ತದೆ. ಎಲೆ ಒಣಗಿಸುವಾಗ ತಗಲಿದ ಸೌದೆಯ ಹೊಗೆಯಿಂದಲೂ ಅದು ಬರಬಹುದು. ತೋಟದಲ್ಲಿ ಒಂದು ಹನಿ ಔಷಧಿ ಸಿಂಪಡಿಸದ ಬೆಳೆಗಾರನಿಗೂ ಈ ಕಷ್ಟ ತಪ್ಪಿದ್ದಲ್ಲ. ನಮ್ಮಲ್ಲಿಯೂ ಅಂಕಿಗಳುಂಟು. ಬೂದಿಯ ಅಂಶ ಶೇಕಡಾ 4ರಿಂದ 8ರೊಳಗಿರಬೇಕು. ಹೆಚ್ಚಾದರೆ ಮಣ್ಣು ಮರಳಿನ ಸಂಶಯ. ನೀರಿಗೆ ಬಿಡುವ ಸಾರ ಶೇಕಡಾ 32ಕ್ಕೆ ಕಡಿಮೆಯಿರಬಾರದು. ಒಮ್ಮೆ ಕುದಿಸಿ ಒಣಗಿಸಿದ ಎಲೆ ಸಿಕ್ಕಿಬೀಳುವುದು ಇಲ್ಲಿಯೇ. ಯಂತ್ರದ ಉರುಳೆಗಳಿಂದ ಉದುರುವ ಕಬ್ಬಿಣದ ಪುಡಿಗೂ ಕಿಲೋಗೆ 150 ಮಿಲಿಗ್ರಾಮಿನ ಮಿತಿಯುಂಟು. ಇವೆಲ್ಲ ಬೇಕಾದ ಅಂಕಿಗಳೇ. ಆದರೆ ಅಂಕಿ ಬರುವವರೆಗೆ ಸರಕು ಎಲ್ಲಿರಬೇಕು ಎಂಬುದನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ.

ಇನ್ನು ನನ್ನ ಕಥೆ. ಒಂದು ಮಳೆಗಾಲ. ಸಣ್ಣ ವರ್ತಕರೊಬ್ಬರು ಶ್ರೀಲಂಕೆಯಿಂದ ಚಹಾ ತರಿಸಿದ್ದರು. ಕಾಗದಪತ್ರ ಸರಿಯಾಗಿತ್ತು. ಮಾದರಿ ತೆಗೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಸರಕು ಉಗ್ರಾಣದಲ್ಲಿ ಉಳಿಯಿತು. ಅದರ ಪಕ್ಕದಲ್ಲಿ ಒಣಮೆಣಸಿನಕಾಯಿಯ ಚೀಲಗಳಿದ್ದವು. ಮಾಡು ಒಂದೆರಡು ಕಡೆ ಸೋರುತ್ತಿತ್ತು. ಚಹಾ ತೇವವನ್ನೂ ವಾಸನೆಯನ್ನೂ ಬಹುಬೇಗ ಹೀರುವ ವಸ್ತು. ಚೀಲಗಳನ್ನು ಬೇರೆಡೆಗೆ ಸರಿಸಿರೆಂದು ಅವರು ಎರಡು ಸಲ ನನ್ನ ಮೇಜಿನ ಮುಂದೆ ನಿಂತು ಕೇಳಿದರು. ಅದು ಉಗ್ರಾಣದವರ ಕೆಲಸವೆಂದು ನಾನು ಎರಡು ಸಲವೂ ಹೇಳಿದೆ. ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

ಇಪ್ಪತ್ತೆರಡನೆಯ ದಿನ ವರದಿ ಬಂತು. ಬೂದಿ, ಸಾರ, ಎಲ್ಲವೂ ಮಿತಿಯೊಳಗೆ, ಸರಕು ಉತ್ತಮ. ಅದು ಮೊದಲ ದಿನ ತೆಗೆದ ಮಾದರಿಯ ವಿಷಯ. ಬಿಡುಗಡೆಯ ಪತ್ರಕ್ಕೆ ರುಜು ಹಾಕಿ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರು ಉಗ್ರಾಣದಿಂದ ಹಿಂತಿರುಗಿ, ಮುಷ್ಟಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು.

“ಒಮ್ಮೆ ಮೂಸಿ ನೋಡಿ ಸ್ವಾಮಿ,” ಎಂದರು.

ಮೂಸಿದೆ. ಸೀನು ಬಂತು.